ಬೋರಿನ ಮೋಟರು ಸುಟ್ಟಿದೆ, ನೀರಿನ ಪಾಳಿ ಗೊತ್ತುಮಾಡಬೇಕಿದೆ

ಮನೆ ಸಂಖ್ಯೆ 22, ಮೇ 4, ಬೆಳಿಗ್ಗೆ 6:10

ಎಲ್ಲರಿಗೂ ಶರಣು ಶರಣಾರ್ಥಿ. ನಮ್ಮ ಬಡಾವಣೆಯ ಸಾಮೂಹಿಕ ಬೋರಿನ ಮೋಟರು ನಿನ್ನೆ ಮಧ್ಯಾಹ್ನ ಸುಟ್ಟುಹೋಗಿದೆ. ನಳದ ನೀರು ಎಂಟು ದಿನಕ್ಕೊಮ್ಮೆ ಬರುತ್ತಿದ್ದು, ಮುಂದಿನ ಸರದಿಗೆ ಇನ್ನೂ ಐದು ದಿನಗಳಿವೆ. ಸಂಪು ಇರುವ 64 ಮನೆಗಳು ಈ ಐದು ದಿನಗಳನ್ನು ಹೇಗೋ ನೂಕಬಹುದು. ಆದರೆ ಹಿಂದಿನ ಸಾಲಿನ 11 ಪತ್ರಾಸ್ (ತಗಡಿನ) ಮನೆಗಳಿಗೆ ಸಂಪೂ ಇಲ್ಲ, ಮೇಲಿನ ಟಾಕಿಯೂ ಇಲ್ಲ. ಬೋರಿನ ಪಕ್ಕದ ಒಂದು ನಳವನ್ನೇ ಅವರೆಲ್ಲ ನೆಚ್ಚಿಕೊಂಡಿದ್ದರು. ಆ ಸಾಲಿನ ಹಮಾಲರೊಬ್ಬರು ಕಳೆದ ವಾರ ದಾಲ್ ಮಿಲ್ಲಿನ ಅಂಗಳದಲ್ಲಿ ಬಿಸಿಲಿಗೆ ತಲೆ ಸುತ್ತಿ ಬಿದ್ದು, ಆಸ್ಪತ್ರೆ ಸೇರಿ, ಮೊನ್ನೆಯಷ್ಟೇ ಮನೆಗೆ ಬಂದಿದ್ದಾರೆ. ಅವರ ಹೆಂಡತಿ ನಿನ್ನೆ ಸಂಜೆ ಎರಡು ಕೊಡ ಹಿಡಿದುಕೊಂಡು ರಿಂಗ್ ರಸ್ತೆ ದಾಟಿ ಹೋಗುವುದನ್ನು ಕಂಡ ಮೇಲೆಯೇ ನನಗೆ ಈ ಸಂಗತಿ ಹೊಳೆದದ್ದು. ಅಲ್ಲಿಯವರೆಗೆ ನಾನೂ ನಮ್ಮ ಸಂಪಿನ ಮುಚ್ಚಳ ತೆಗೆದು ಎಷ್ಟು ನೀರು ಉಳಿದಿದೆ ಎಂದು ಬಗ್ಗಿ ನೋಡುತ್ತಿದ್ದೆ.

ಮೋಟರಿನ ದುರಸ್ತಿಗೆ ಮನೆಗೆ 400 ರೂಪಾಯಿ ಪಟ್ಟಿ (ವಂತಿಗೆ) ಹಾಕಬೇಕೆಂದೂ, ಬೋರು ಮತ್ತೆ ನಡೆಯುವವರೆಗೆ ದಿನವೂ ಟ್ರ್ಯಾಕ್ಟರ್ ಟ್ಯಾಂಕರ್ ತರಿಸಬೇಕೆಂದೂ, ಆ ನೀರಿನಲ್ಲಿ ಪತ್ರಾಸ್ ಮನೆಗಳಿಗೂ ತಲೆ ಎಣಿಕೆಯ ಪ್ರಕಾರ ಪಾಲು ಇರಬೇಕೆಂದೂ ನನ್ನ ಸಲಹೆ. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬ ಹೆಸರುಗಳ ಯಾದಿಯನ್ನು ಮಾತ್ರ ಈ ಮೊಬೈಲ್ ಗುಂಪಿನಲ್ಲಿ ಹಾಕುವುದು ಬೇಡ.

ಮನೆ ಸಂಖ್ಯೆ 9, ಮೇ 4, ಬೆಳಿಗ್ಗೆ 7:25

ಅಕ್ಕಾವ್ರೇ, 400 ರೂಪಾಯಿಗೆ ನನ್ನ ತಕರಾರಿಲ್ಲ, ಈಗಲೇ ಕಳಿಸುತ್ತೇನೆ. ಆದರೆ ಪಟ್ಟಿ ಕೊಡುವವರು 64 ಮನೆಯವರು, ನೀರು ಒಯ್ಯುವವರು 75 ಮನೆಯವರು ಎಂದಾದರೆ, ಮುಂದಿನ ಬೇಸಿಗೆಯಲ್ಲಿ ಪಟ್ಟಿ ಕೊಡುವವರ ಸಂಖ್ಯೆ 40ಕ್ಕೆ ಇಳಿಯುತ್ತದೆ. ಹೋದ ವರ್ಷ ಇದೇ ನಳದ ಮುಂದೆ ಕೊಡಗಳ ಸಾಲಿಗಾಗಿ ಜಗಳವಾಗಿ, ಎರಡು ಮನೆಯವರು ಇಂದಿಗೂ ಮಾತು ಬಿಟ್ಟಿದ್ದಾರೆ. ನೀರನ್ನು ಯಾರು ಅಳೆಯುತ್ತಾರೆ, ಯಾರು ಕಾಯುತ್ತಾರೆ ಎಂಬುದು ಮೊದಲು ತೀರ್ಮಾನವಾಗಲಿ.

ಮನೆ ಸಂಖ್ಯೆ 31, ಮೇ 4, ಬೆಳಿಗ್ಗೆ 8:40

ನಾನು ಆರೋಗ್ಯ ಇಲಾಖೆಯಿಂದ ನಿವೃತ್ತನಾದವನು, ಲೆಕ್ಕ ಹಾಕುವ ಚಟ ಇನ್ನೂ ಬಿಟ್ಟಿಲ್ಲ. ನಿನ್ನೆ ರಾತ್ರಿ ಹಿಂದಿನ ಸಾಲಿಗೆ ಹೋಗಿ ಕೇಳಿಕೊಂಡು ಬಂದೆ: ಹನ್ನೊಂದು ಮನೆಗಳಲ್ಲಿ, ಕೂಸುಗಳೂ ಸೇರಿ, 47 ಜನರಿದ್ದಾರೆ. ದೊಡ್ಡ ನಗರಗಳ ನೀರು ಸರಬರಾಜಿಗೆ ಸರ್ಕಾರ ಇಟ್ಟುಕೊಂಡಿರುವ ಅಳತೆ ತಲೆಗೆ ದಿನಕ್ಕೆ 135 ಲೀಟರ್. ಹಳ್ಳಿಗಳ ಮನೆಮನೆ ನಳದ ಯೋಜನೆಯಲ್ಲಿ ಅದು 55 ಲೀಟರ್. ನಾವು ಬರೀ 40 ಲೀಟರ್ ಎಂದು ಹಿಡಿದರೂ 47 ಜನರಿಗೆ ದಿನಕ್ಕೆ 1,880 ಲೀಟರ್ ಆಗುತ್ತದೆ. ಒಂದು ಟ್ರ್ಯಾಕ್ಟರ್ ಟ್ಯಾಂಕರಿನಲ್ಲಿ ಬರುವ 5,000 ಲೀಟರಿನಲ್ಲಿ ಇದು ಐದರಲ್ಲಿ ಎರಡು ಪಾಲೂ ಅಲ್ಲ. ಹೋಲಿಕೆಗೆ ಹೇಳುವುದಾದರೆ, ನಮ್ಮ ಮನೆಯ ಕೂಲರ್ ಒಂದೇ ದಿನಕ್ಕೆ ನಾಲ್ಕು ಕೊಡ ನೀರು ಕುಡಿಯುತ್ತದೆ. ಅಂದರೆ ಆ ಸಾಲಿನ ಒಬ್ಬ ಮನುಷ್ಯನಿಗೆ ನಾವು ಕೊಡಬೇಕೆಂದಿರುವುದಕ್ಕಿಂತ ಹೆಚ್ಚು ನೀರು ನನ್ನ ಕೂಲರಿನ ಹೊಟ್ಟೆಗೆ ಹೋಗುತ್ತಿದೆ. ಇಂದಿನಿಂದ ಅದನ್ನು ರಾತ್ರಿ ಮಾತ್ರ ಹಚ್ಚುವುದೆಂದು ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ. ಮೊಮ್ಮಕ್ಕಳಿಗೆ ಈ ತೀರ್ಮಾನ ಒಪ್ಪಿಗೆಯಾಗಿಲ್ಲ.

ಮನೆ ಸಂಖ್ಯೆ 22, ಮೇ 4, ಬೆಳಿಗ್ಗೆ 9:05

ಹಿಂದಿನ ಸಾಲಿನವರ ವಿಷಯವನ್ನು ಅವರಿಲ್ಲದ ಗುಂಪಿನಲ್ಲಿ ಚರ್ಚಿಸುತ್ತಿದ್ದೇವೆ ಎಂಬುದು ನನಗೆ ಸರಿಕಾಣಲಿಲ್ಲ. ಆ ಸಾಲಿನಿಂದ ಪದವಿ ಕಾಲೇಜಿಗೆ ಹೋಗುವ ಒಬ್ಬ ಹುಡುಗನನ್ನು ಈಗ ಗುಂಪಿಗೆ ಸೇರಿಸಿದ್ದೇನೆ.

ಪತ್ರಾಸ್ ಮನೆ 4, ಮೇ 4, ಮಧ್ಯಾಹ್ನ 1:50

ಎಲ್ಲ ಹಿರಿಯರಿಗೆ ನಮಸ್ಕಾರ. ನಮ್ಮ ತಂದೆಯವರು ಹೇಳಿದ್ದನ್ನೇ ಬರೆಯುತ್ತಿದ್ದೇನೆ. ನಾವು ಪುಕ್ಕಟೆ ನೀರು ಬೇಕೆಂದು ಎಂದೂ ಕೇಳಿಲ್ಲ; 400 ರೂಪಾಯಿ ಒಂದೇ ಸಲ ಕೊಡುವುದು ಈ ತಿಂಗಳು ನಮ್ಮಿಂದ ಆಗುವುದಿಲ್ಲ, ಅಷ್ಟೇ. ತೊಗರಿಯ ಆವಕ ಕಡಿಮೆಯಾಗಿ ಮಿಲ್ಲಿನಲ್ಲಿ ವಾರಕ್ಕೆ ಮೂರು ದಿನ ಮಾತ್ರ ಕೆಲಸ ಸಿಗುತ್ತಿದೆ. ಬೋರಿನಿಂದ ಮೋಟರು ಮೇಲೆತ್ತಲು ಗಾಡಿಯವರು 3,500 ರೂಪಾಯಿ ಕೇಳಿದ್ದಾರೆಂದು ಗೊತ್ತಾಯಿತು. ಮೆಕ್ಯಾನಿಕ್ ಸರಪಳಿ ರಾಟೆಯನ್ನೂ ಪೈಪಿನ ಕ್ಲ್ಯಾಂಪುಗಳನ್ನೂ ತಂದರೆ, ನಮ್ಮ ಸಾಲಿನ ಆರು ಜನ ಹಮಾಲರು ಪೈಪುಗಳನ್ನು ಕೈಯಿಂದಲೇ ಎಳೆದು ಕೊಡುತ್ತಾರೆ. ಊರಲ್ಲಿ ಒಬ್ಬರ ಹೊಲದ ಕೆಲಸಕ್ಕೆ ಇನ್ನೊಬ್ಬರು ಕೂಲಿಯಿಲ್ಲದೆ ಮುಯ್ಯಾಳು ಹೋಗುವ ರೂಢಿ ಇತ್ತು, ಇದನ್ನೂ ಹಾಗೆಯೇ ತಿಳಿಯಿರಿ ಎಂದು ತಂದೆಯವರು ಹೇಳುತ್ತಿದ್ದಾರೆ.

ಒಂದು ಮಾತು ನನ್ನ ಕಡೆಯಿಂದ. ಟ್ಯಾಂಕರ್ ಮಧ್ಯಾಹ್ನ ಎರಡು ಗಂಟೆಗೆ ಬಂದರೆ ನಮಗೆ ಉಪಯೋಗವಿಲ್ಲ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಮ್ಮ ಕಲಬುರಗಿ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ 1:30ರವರೆಗೆ ಇರುವುದರಿಂದ ನೌಕರಿಯವರಿಗೆ ಆ ವೇಳೆ ಅನುಕೂಲ. ನಮ್ಮ ತಾಯಂದಿರು ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹೋದವರು ಮರಳಿ ಬರುವುದು ಸಂಜೆ ಆರಕ್ಕೆ.

ಕಿರಾಣಿ ಅಂಗಡಿ, ಮೇ 4, ಮಧ್ಯಾಹ್ನ 2:30

ಹುಡುಗ ಹೇಳಿದ್ದು ಸರಿಯಾಗಿದೆ. ನನ್ನ ಅಂಗಡಿಯ ಹಿಂದೆ ಬೇವಿನ ಮರದ ಕೆಳಗೆ ಜಾಗವಿದೆ. ಅಲ್ಲಿ 1,000 ಲೀಟರಿನ ಎರಡು ಪ್ಲಾಸ್ಟಿಕ್ ಟಾಕಿ ಇಟ್ಟು, ಕೆಳಗೆ ನಳ ಕೂಡಿಸಿದರೆ, ಟ್ಯಾಂಕರ್ ಯಾವ ಹೊತ್ತಿಗೆ ಬಂದರೂ ನೀರು ಸಂಜೆಯವರೆಗೆ ಇರುತ್ತದೆ. ಒಂದು ಟಾಕಿ ನನ್ನದೇ ಖಾಲಿ ಇದೆ, ಮನೆ ಕಟ್ಟಿಸುವಾಗ ತಂದದ್ದು. ಇನ್ನೊಂದು ಯಾರ ಹತ್ತಿರವಾದರೂ ಇದ್ದರೆ ತಿಳಿಸಿರಿ. ಶರಣಬಸವೇಶ್ವರರ ಜಾತ್ರೆಗೆ ಬರುವವರಿಗೂ, ಬಂದೇ ನವಾಜರ ಉರುಸಿಗೆ ಬರುವವರಿಗೂ ನಾವು ರಸ್ತೆಯಲ್ಲಿ ನಿಂತು ನೀರು ಕೊಡುತ್ತೇವೆ. ಬೆನ್ನ ಹಿಂದಿನ ಸಾಲಿಗೆ ಕೊಡಲು ಇಷ್ಟೊಂದು ಚರ್ಚೆ ಯಾಕೆ ಬೇಕು?

ಮನೆ ಸಂಖ್ಯೆ 9, ಮೇ 4, ಮಧ್ಯಾಹ್ನ 3:15

ಚಾಚಾ, ಜಾತ್ರೆ ಕೆಲವು ದಿನದ್ದು, ಇದು ಮಳೆ ಬರುವವರೆಗಿನದ್ದು. ಚರ್ಚೆ ಬೇಕು. ಇನ್ನೊಂದು ಟಾಕಿ ನಮ್ಮ ಮಾಳಿಗೆಯ ಮೇಲಿದೆ, ಇಳಿಸಿಕೊಂಡು ಹೋಗಿರಿ.

ಮನೆ ಸಂಖ್ಯೆ 22, ಮೇ 6, ಬೆಳಿಗ್ಗೆ 6:30

ನಿನ್ನೆ ಸಂಜೆಯ ಕೆಲಸದ ವರದಿಯನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ, ಏಕೆಂದರೆ ಕಾರ್ಯಕ್ರಮಕ್ಕೆ ಹೋದವರೂ ಕೂಲರಿನ ಮುಂದೆ ಕುಳಿತವರೂ ಇದನ್ನು ತಿಳಿಯಬೇಕು. ಬಿಸಿಲು ಇಳಿದ ಮೇಲೆ ಆರೂವರೆಗೆ ಆರಂಭಿಸಿದೆವು. ಮೆಕ್ಯಾನಿಕ್ ಮೂರು ಕಾಲಿನ ಕಂಬ ನಿಲ್ಲಿಸಿ ಸರಪಳಿ ರಾಟೆ ಕಟ್ಟಿದರು. ಒಳಗಿದ್ದದ್ದು ಎರಡು ಇಂಚಿನ ಕಬ್ಬಿಣದ ಪೈಪುಗಳು, ಒಂದೊಂದು 20 ಅಡಿ ಉದ್ದ, ಸುಮಾರು 30 ಕಿಲೋ ತೂಕ, ಅಂಥವು ಹದಿನಾರು. ಪ್ರತಿ ಪೈಪನ್ನು ಮೇಲೆತ್ತಿದಾಗಲೂ ಕೆಳಗಿನದ್ದನ್ನು ಕ್ಲ್ಯಾಂಪಿನಿಂದ ಬಿಗಿಹಿಡಿದು, ಜೋಡಣೆ ಬಿಚ್ಚಿ, ಕೇಬಲ್ ಎಲ್ಲಿಯೂ ತರಚದಂತೆ ಪಕ್ಕಕ್ಕೆ ಸುತ್ತಿಡಬೇಕು. ಒಬ್ಬರ ಕೈ ಜಾರಿದರೂ ಉಳಿದದ್ದೆಲ್ಲ ಬೋರಿನ ತಳ ಸೇರುತ್ತದೆ, ಬೋರೇ ಹೋದಂತೆ. ಆರು ಜನ ಹಮಾಲರು ಒಬ್ಬರ ದನಿಗೆ ಒಬ್ಬರು ದನಿ ಕೂಡಿಸಿ ಎಳೆಯುತ್ತಿದ್ದರೆ, ನಮ್ಮ ಸಾಲಿನ ಇಬ್ಬರು ಇಂಜಿನಿಯರ್ ಹುಡುಗರು ಮೊಬೈಲಿನ ಬೆಳಕು ಹಿಡಿದು ನಿಂತಿದ್ದರು. ಅದೂ ಒಂದು ಕೆಲಸವೇ.

ರಾತ್ರಿ ಹತ್ತಕ್ಕೆ ಮೋಟರು ಹೊರಗೆ ಬಂತು. ಕೊನೆಯ ಮೂರು ಪೈಪುಗಳ ಹೊರಮೈ ಮಾತ್ರ ಒದ್ದೆಯಾಗಿತ್ತು, ಅಂದರೆ ನೀರು 260 ಅಡಿಗೆ ಇಳಿದಿದೆ. ಸಬ್‌ಮರ್ಸಿಬಲ್ ಮೋಟರು ಸುತ್ತಲಿನ ನೀರಿನಿಂದಲೇ ತಂಪಾಗಿರಬೇಕು. ನಾವು ತಾಸುಗಟ್ಟಲೆ ನಡೆಸಿದಾಗ ನೀರು ಇನ್ನೂ ಇಳಿದು, 320 ಅಡಿಯಲ್ಲಿದ್ದ ಮೋಟರಿಗಿಂತ ಕೆಳಗೆ ಹೋಗಿ, ಮೋಟರು ಒಣಗಿಯೇ ತಿರುಗಿ ಅದರೊಳಗಿನ ತಂತಿಯ ಸುತ್ತು (ವೈಂಡಿಂಗ್) ಸುಟ್ಟಿದೆ. ಕರೆಂಟಿನ ಏರಿಳಿತದಿಂದ ಸುಟ್ಟಿತೆಂದು ಎರಡು ದಿನ ಬೈದುಕೊಂಡವರಲ್ಲಿ ನಾನೂ ಒಬ್ಬಳು, ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ಬೋರಿನ ಆಳ 400 ಅಡಿ ಇರುವುದರಿಂದ ಇನ್ನೂ ಮೂರು ಪೈಪು ಸೇರಿಸಿ ಮೋಟರನ್ನು 380 ಅಡಿಗೆ ಇಳಿಸಬಹುದು. ಖರ್ಚು ಹೀಗಿದೆ: ರೀವೈಂಡಿಂಗ್ 8,500, ಪೈಪುಗಳಿಗೆ 7,500, ನೀರು ಕಡಿಮೆಯಾದರೆ ತಾನೇ ನಿಲ್ಲಿಸುವ ಸಾಧನಕ್ಕೆ 2,800, ಮೆಕ್ಯಾನಿಕ್ ಕೂಲಿ 1,500, ಒಟ್ಟು 20,300 ರೂಪಾಯಿ. ಇಲ್ಲಿಯವರೆಗೆ 58 ಮನೆಗಳಿಂದ 23,200 ಬಂದಿದೆ. ಉಳಿಯುವ 2,900ರಲ್ಲಿ, ಒಂದಕ್ಕೆ 700ರಂತೆ, ನಾಲ್ಕು ಟ್ಯಾಂಕರ್ ತರಿಸಬಹುದು.

ಮೊದಲ ಟ್ಯಾಂಕರಿನ ಹತ್ತಿರ ಯಾರೋ ಫೋಟೋ ತೆಗೆಯುತ್ತಿದ್ದರೆಂದು ತಿಳಿಯಿತು. ಕೊಡ ಹಿಡಿದು ನಿಂತ ಹೆಣ್ಣುಮಕ್ಕಳ ಮುಖ ಸ್ಟೇಟಸ್ಸಿಗೆ ಹೋಗುವುದಾದರೆ ಆ ನೀರು ಅವರಿಗೆ ಬೇಡವಾಗುತ್ತದೆ. ದಯವಿಟ್ಟು ಅಳಿಸಿರಿ.

ಮನೆ ಸಂಖ್ಯೆ 9, ಮೇ 6, ಬೆಳಿಗ್ಗೆ 7:40

ಫೋಟೋ ತೆಗೆದದ್ದು ನನ್ನ ಮಗ, ಅಳಿಸಿದ್ದಾನೆ. ನಿನ್ನೆ ರಾತ್ರಿ ನಾನೂ ಅಲ್ಲಿದ್ದೆ. ಹಮಾಲರ ಕೆಲಸಕ್ಕೆ ಬೆಲೆ ಕಟ್ಟಿದರೆ ಗಾಡಿಯವರ 3,500 ಉಳಿದಿದೆ, ಇದನ್ನು ಒಪ್ಪುತ್ತೇನೆ. ಆದರೂ ಪತ್ರಾಸ್ ಮನೆಗಳಿಂದ ತಿಂಗಳಿಗೆ 50 ರೂಪಾಯಿಯಾದರೂ ಪಡೆಯಬೇಕೆಂದೇ ನನ್ನ ಅಭಿಪ್ರಾಯ. ಲೆಕ್ಕದ ಪುಸ್ತಕದಲ್ಲಿ ಅವರ ಮನೆಯ ಸಂಖ್ಯೆಯೂ ಇದ್ದರೆ, ನಾಳೆ ಪದಾಧಿಕಾರಿಗಳು ಬದಲಾದಾಗ ಅವರ ನಳವನ್ನು ಯಾರೂ ಕಿತ್ತುಹಾಕಲಾರರು.

ಪತ್ರಾಸ್ ಮನೆ 4, ಮೇ 6, ಬೆಳಿಗ್ಗೆ 8:00

50 ರೂಪಾಯಿ ಕೊಡುತ್ತೇವೆ. ಪುಸ್ತಕದಲ್ಲಿ ಬರೆದುಕೊಳ್ಳಿರಿ.

ಮನೆ ಸಂಖ್ಯೆ 22, ಮೇ 6, ಬೆಳಿಗ್ಗೆ 8:20

ಈ ಬೇಸಿಗೆ ಮುಗಿಯುವವರೆಗಾದರೂ ಬೇಡವೆಂದು ನನಗೆ ಅನ್ನಿಸುತ್ತದೆ. ಆದರೆ ಅವರೇ ಒಪ್ಪಿರುವಾಗ ನಾನು ಅಡ್ಡ ಬರುವುದಿಲ್ಲ. ಹುಷಾರಿಲ್ಲದ ಹಮಾಲರ ಮನೆಯನ್ನು ಮಾತ್ರ ಮೂರು ತಿಂಗಳು ಬಿಡೋಣ. ಅವರ ಮನೆಗೆ ಜೋಳ, ಬೇಳೆ, ಎಣ್ಣೆ ಕೊಡಿಸಬೇಕೆನ್ನುವವರು ಚಾಚಾ ಅವರ ಅಂಗಡಿಯಲ್ಲಿ ಹಣ ಕಟ್ಟಿದರೆ ಸಾಕು. ಅವರು ತಮಗೆ ಬೇಕಾದಾಗ, ಬೇಕಾದದ್ದನ್ನು ಒಯ್ಯುತ್ತಾರೆ. ಯಾರು ಕಟ್ಟಿದರೆಂದು ಚಾಚಾ ಹೇಳುವುದಿಲ್ಲ, ನಾನು ಕೇಳಿ ನೋಡಿದ್ದೇನೆ.

ಮನೆ ಸಂಖ್ಯೆ 31, ಮೇ 6, ಬೆಳಿಗ್ಗೆ 10:15

ಟ್ಯಾಂಕರಿನ ನೀರು ಯಾವ ಬಾವಿಯದೋ ತಿಳಿಯದು. ಆದ್ದರಿಂದ ಪ್ರತಿ 1,000 ಲೀಟರಿಗೆ 4 ಗ್ರಾಂ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ತಿಳಿಯಾದ ಮೇಲೆ ಮೇಲಿನ ನೀರನ್ನಷ್ಟೇ ಟಾಕಿಗೆ ಹಾಕಿ, ಅರ್ಧ ತಾಸು ಬಿಟ್ಟು ನಳ ತೆರೆಯಬೇಕು. ಹಳೆಯ ಪುಡಿ ಬೇಡ, ಗಾಳಿಯಾಡಿದರೆ ಅದರ ಸತ್ವ ಹೋಗಿರುತ್ತದೆ. ಯಾರಿಗಾದರೂ ಬಿಸಿಲಿಗೆ ಎಚ್ಚರ ತಪ್ಪಿದರೆ ಬಾಯಿಗೆ ನೀರು ಸುರಿಯದೆ, ನೆರಳಿಗೆ ಒಯ್ದು, ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿರಿ. ಅಂದು ಮಿಲ್ಲಿನಲ್ಲಿ ಮೊದಲು ಬಾಯಿಗೇ ನೀರು ಹಾಕಿದ್ದರಂತೆ.

ಮನೆ ಸಂಖ್ಯೆ 22, ಮೇ 9, ರಾತ್ರಿ 8:45

ಬೋರು ಇಂದು ಮಧ್ಯಾಹ್ನ ಆರಂಭವಾಗಿದೆ. ಒಮ್ಮೆಗೆ 40 ನಿಮಿಷ ಮಾತ್ರ ನಡೆಸಿ, ನೀರು ಮತ್ತೆ ಏರಲು ಎರಡು ತಾಸು ಬಿಡಬೇಕೆಂದು ಮೆಕ್ಯಾನಿಕ್ ಹೇಳಿದ್ದಾರೆ; ಬೆಳಗಿನ ಮೊದಲ ಸುತ್ತು ಬೇವಿನ ಮರದ ಟಾಕಿಗಳಿಗೆ, ಅದಾದ ಮೇಲೆ ಉಳಿದ ಸಾಲುಗಳಿಗೆ. ಸ್ಟಾರ್ಟರ್ ಡಬ್ಬಿಯ ಕೀಲಿ ಮನೆ ಸಂಖ್ಯೆ 9ರಲ್ಲಿದೆ, ನಾಳೆ ಬೆಳಿಗ್ಗೆ ಐದೂವರೆಗೆ ಅವರೇ ಬಂದು ಆರಂಭಿಸುತ್ತಾರೆ. ಬಲಗಡೆ ಟಾಕಿಯ ನಳ ಹನಿಯುತ್ತಿದೆ. ಅರ್ಧ ಇಂಚಿನ ವಾಷರ್ ಯಾರ ಮನೆಯಲ್ಲಾದರೂ ಇದ್ದರೆ ಇಂದು ರಾತ್ರಿಯೇ ಅಂಗಡಿಗೆ ಮುಟ್ಟಿಸಿರಿ.