ಕ್ಲಿಕ್ ಏಕಾಏಕಿ ಏರಿದೆ, ಆರ್ಡರ್ ಮಾತ್ರ ಏರಿಲ್ಲ

ಪ್ರಶ್ನೆ: ನಮಸ್ಕಾರ ಸರ್. ಅಡುಗೆಮನೆ ಸಾಮಾನುಗಳ ಬಗ್ಗೆ ಕನ್ನಡದಲ್ಲಿ ಬರೆಯುವ ವೆಬ್‌ಸೈಟ್ ನಡೆಸುತ್ತೇನೆ. ಮಿಕ್ಸಿ, ಕುಕ್ಕರ್, ದೋಸೆ ಕಾವಲಿ ಅಂತ ಒಟ್ಟು 310 ಅಫಿಲಿಯೇಟ್ ಲಿಂಕ್ ಇವೆ, ಅಂದರೆ ಅವುಗಳ ಮೂಲಕ ಯಾರಾದರೂ ಕೊಂಡರೆ ಕಂಪನಿ ನನಗೆ ಕಮಿಷನ್ ಕೊಡುತ್ತದೆ. ದಿನಕ್ಕೆ 40 ಕ್ಲಿಕ್ ಬಂದರೆ ಹೆಚ್ಚು. ಈಗ ಕೆಲವು ರಾತ್ರಿ ಇದ್ದಕ್ಕಿದ್ದಂತೆ 650 ದಾಟುತ್ತದೆ. ಆರ್ಡರ್ ಒಂದೂ ಜಾಸ್ತಿ ಆಗಿಲ್ಲ. ಯಾರಾದರೂ ಬೇಕಂತಲೇ ಒತ್ತುತ್ತಿದ್ದಾರಾ? ಕಂಪನಿಯವರು ಖಾತೆ ಬಂದ್ ಮಾಡಿಬಿಟ್ಟರೆ ಅಂತ ಭಯ.

ಉತ್ತರ: ಮೇಡಂ, ಈ 650 ಎಲ್ಲಿ ಕಂಡಿದ್ದು? ನಿಮ್ಮ ಸೈಟಿಗೆ ಸೇರಿಸಿರುವ, ಕ್ಲಿಕ್ ಎಣಿಸುವ ವರ್ಡ್‌ಪ್ರೆಸ್ ಲಿಂಕ್ ಪ್ಲಗಿನ್‌ನಲ್ಲೋ, ಕಂಪನಿಯ ಡ್ಯಾಶ್‌ಬೋರ್ಡ್‌ನಲ್ಲೋ? ಸೈಟಿಗೆ ಬಂದವರನ್ನು ಎಣಿಸುವ ಗೂಗಲ್ ಅನಲಿಟಿಕ್ಸ್ ಏನನ್ನುತ್ತದೆ?

ಪ್ರಶ್ನೆ ಕೇಳಿದವರು: ಪ್ಲಗಿನ್‌ನಲ್ಲಿ ಸರ್. ಕಂಪನಿ ಕಡೆ ಸ್ವಲ್ಪವೇ ಏರಿದೆ. ಅನಲಿಟಿಕ್ಸ್‌ನಲ್ಲಿ ಆ ಹೊತ್ತಿಗೆ ನಾಲ್ಕೈದು ಜನ ಅಷ್ಟೇ.

ಉತ್ತರ: ಹಾಗಾದರೆ ಒತ್ತಿದ್ದು ಮನುಷ್ಯರಲ್ಲ. ಪುಟದ ಸ್ಕ್ರಿಪ್ಟ್ ಓಡಿದರೆ ಮಾತ್ರ ಅನಲಿಟಿಕ್ಸ್ ಲೆಕ್ಕ ಹಾಕುತ್ತದೆ, ಗೊತ್ತಿರುವ ಬಾಟ್‌ಗಳನ್ನು, ಅಂದರೆ ತಾವಾಗಿ ಸೈಟು ಸುತ್ತುವ ಪ್ರೋಗ್ರಾಂಗಳನ್ನು, ತೆಗೆದೂ ಹಾಕುತ್ತದೆ. ನಿಮ್ಮ ಪ್ಲಗಿನ್‌ಗೆ ಅಷ್ಟೆಲ್ಲ ತಾಳ್ಮೆ ಇಲ್ಲ. ರೀಡೈರೆಕ್ಟ್ ವಿಳಾಸದ (ನಿಮ್ಮ ಸೈಟಿನಿಂದ ಅಂಗಡಿಗೆ ದಾಟಿಸುವ ವಿಳಾಸ) ಬಾಗಿಲು ಯಾರು ತಟ್ಟಿದರೂ ಅದಕ್ಕೆ ಒಂದು ಕ್ಲಿಕ್. ಲಿಂಕ್‌ಗಳ ಲೆಕ್ಕ ಇಡುವ ಎಎಚ್‌ರೆಫ್ಸ್ ಬಾಟ್, ಎಐ ಕಂಪನಿಯ ಜಿಪಿಟಿ ಬಾಟ್, ಎಲ್ಲರೂ ತಟ್ಟುತ್ತಾರೆ.

ಒಂದು ಕೆಲಸ ಮಾಡಿ. ಕ್ಲಿಕ್ಕನ್ನು ಲಿಂಕ್‌ವಾರು ನೋಡಿ. ಜನ ಒತ್ತಿದರೆ ಕುಕ್ಕರ್‌ಗೆ 30, ಚಾಪಿಂಗ್ ಬೋರ್ಡ್‌ಗೆ ಸೊನ್ನೆ, ಹೀಗೆ ಏರುಪೇರು ಇರುತ್ತದೆ. ಎಲ್ಲಕ್ಕೂ ಒಂದೇ ಸಮ ಇದ್ದರೆ ಯಂತ್ರದ ಕೆಲಸ. ಹಾಗೇ ಹೋಸ್ಟಿಂಗ್‌ನ ಆಕ್ಸೆಸ್ ಲಾಗ್ (ಎಲ್ಲಿಂದ, ಯಾವಾಗ ಬಂದರು ಎಂಬ ದಾಖಲೆ) ತೆಗೆದು ಐಪಿ ವಿಳಾಸ ನೋಡಿ.

ಪ್ರಶ್ನೆ ಕೇಳಿದವರು: ಎಲ್ಲಕ್ಕೂ ಎರಡೆರಡು ಸರ್! ಮೂರು ದಿನಕ್ಕೊಮ್ಮೆ ಬರುತ್ತಿದೆ. ಐಪಿ ನಮ್ಮ ಸರ್ವರ್‌ದೇ. ಇದೆಂಥದು?

ಉತ್ತರ: ಸೈಟಿನಲ್ಲಿ ಮುರಿದ ಲಿಂಕ್ ಹುಡುಕುವ ಪ್ಲಗಿನ್ ಇದೆಯಾ ನೋಡಿ, ಬ್ರೋಕನ್ ಲಿಂಕ್ ಚೆಕರ್ ಥರದ್ದು. ಅದು ಆಗಾಗ ಸೈಟಿನ ಎಲ್ಲ ಲಿಂಕನ್ನೂ ತಾನೇ ತೆರೆದು ನೋಡುತ್ತದೆ. ಅಂಗಡಿ ಸೈಟುಗಳು ಬಾಟ್‌ಗೆ ಸರಿಯಾಗಿ ಉತ್ತರ ಕೊಡದಿದ್ದಾಗ ಇನ್ನೊಂದು ಸಲ ಪ್ರಯತ್ನಿಸುತ್ತದೆ. ಅದಕ್ಕೇ ಎರಡೆರಡು. 310ಕ್ಕೆ 620, ಮೇಲೆ ನಿಮ್ಮ ಮಾಮೂಲಿ ಓದುಗರು.

ಪ್ರಶ್ನೆ ಕೇಳಿದವರು: ಇದೆ ಸರ್. ಸೈಟ್ ನೋಡಿಕೊಳ್ಳುವ ಹುಡುಗ ಹಾಕಿದ್ದಾನೆ. ತೆಗೆದುಬಿಡಲಾ?

ಉತ್ತರ: ಬೇಡ, ಉಪಯೋಗದ್ದೇ. ಅದರ ಸೆಟ್ಟಿಂಗ್ಸ್‌ನಲ್ಲಿ ಬಿಟ್ಟುಬಿಡಬೇಕಾದ ವಿಳಾಸಗಳ ಪಟ್ಟಿ ಇರುತ್ತದೆ, ಅಲ್ಲಿ ರೀಡೈರೆಕ್ಟ್ ಫೋಲ್ಡರ್ ಸೇರಿಸಿ. ಬಾಟ್‌ಗಳಿಗೆ ಸೂಚನೆ ಬರೆಯುವ ರೋಬೋಟ್ಸ್ ಫೈಲ್‌ನಲ್ಲೂ ಆ ಫೋಲ್ಡರ್‌ಗೆ ತಡೆ ಹಾಕಿ. ಮರ್ಯಾದಸ್ಥ ಬಾಟ್‌ಗಳು ಮಾತ್ರ ಕೇಳುತ್ತವೆ, ಇರಲಿ. ಲಿಂಕ್‌ನ ಕೋಡ್‌ನಲ್ಲಿ ಸ್ಪಾನ್ಸರ್ಡ್ ಟ್ಯಾಗ್ ಇದ್ದರೆ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. 2019ರಲ್ಲಿ ಗೂಗಲ್ ಅದನ್ನು ತಂದಿದ್ದು ದುಡ್ಡಿನ ಲಿಂಕ್ ಅಂತ ಗುರುತಿಸೋಕೆ, ಬಾಟ್ ತಡೆಯೋಕಲ್ಲ.

ಇನ್ನೊಬ್ಬ ಸದಸ್ಯರು: ಸರ್, ನಂದು ಬೇರೆ ಥರ. ಒಂದೇ ಲಿಂಕ್‌ಗೆ ಕ್ಲಿಕ್ ಸುರಿಯುತ್ತಿದೆ, ಅದೂ ಕಂಪನಿಯ ಡ್ಯಾಶ್‌ಬೋರ್ಡ್‌ನಲ್ಲೇ.

ಉತ್ತರ: ಯಾರೋ ಟೆಲಿಗ್ರಾಂ ಆಫರ್ ಗುಂಪಿನಲ್ಲಿ ಹಾಕಿರಬಹುದು. ಲಾಗ್‌ನಲ್ಲಿ ಬೇರೆ ಬೇರೆ ಮೊಬೈಲ್ ಐಪಿ ಕಂಡರೆ ನಿಜವಾದ ಜನ ಇರಬಹುದು. ಸ್ಟಾಕ್ ಖಾಲಿಯಾಗಿದ್ದರೆ ಆರ್ಡರ್ ಬರಲ್ಲ, ಮೊದಲು ಅದನ್ನು ನೋಡಿ. ಇಮೇಲ್‌ನಲ್ಲಿ ಕಳಿಸಿದ್ದೀರಾ? ಆಫೀಸ್ ಮೇಲ್‌ಗಳ ಸೆಕ್ಯುರಿಟಿ ಸ್ಕ್ಯಾನರ್ ಓದುಗರಿಗಿಂತ ಮೊದಲೇ ಲಿಂಕ್ ತೆರೆದು ನೋಡುತ್ತದೆ. ಇದ್ಯಾವುದೂ ಅಲ್ಲ ಅಂದರೆ, ದಿನಾಂಕ, ಸಮಯ, ಲಾಗ್ ತುಣುಕು ಸೇರಿಸಿ ಕಂಪನಿಗೆ ನೀವೇ ಮೊದಲು ಮೇಲ್ ಹಾಕಿ. ಪರೀಕ್ಷೆ ಮಾಡೋಣ ಅಂತ ಮನೆಯವರ ಫೋನಿಂದ ಒತ್ತಿಸಬೇಡಿ.