ಐಡಿಯಾ ಪೆಟ್ಟಿಗೆ ಇಟ್ಟರೂ ಚೀಟಿ ಬರ್ತಿಲ್ಲ. ದೊಡ್ಡ ಕಂಪನಿ ಬದಲಾಗೋದು ಹೇಗೆ?

ಚಾಕಣದ ಗದಗಿನವ:
ಪುಣೆ ಹತ್ತಿರ ಚಾಕಣದಲ್ಲಿ ಒಂದು ದೊಡ್ಡ ಕಂಪನಿಯಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದೇನೆ. ಹೊಸ ಐಡಿಯಾ ಬೇಕು ಅಂತ ಮೇಲಿನವರು ಕ್ಯಾಂಟೀನ್ ಬಾಗಿಲಲ್ಲಿ ಪೆಟ್ಟಿಗೆ ಇಟ್ಟಿದ್ದಾರೆ. ಗೋಡೆ ತುಂಬಾ ಪೋಸ್ಟರ್ ಬೇರೆ. ಪೆಟ್ಟಿಗೆಯಲ್ಲಿ ಸಿಗೋದು ಖಾಲಿ ಗುಟ್ಕಾ ಪೊಟ್ಟಣ!
ನಮ್ಮ ಹುಡುಗರಿಗೆ ತಲೆ ಇಲ್ಲ ಅಂತಲ್ಲ. ಒಬ್ಬ, ಪಾರ್ಟ್ ಹಿಡಿದಿಡೋ ಫಿಕ್ಸ್ಚರ್‌ಗೆ ಹಳೇ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ. ಪಾರ್ಟ್ ಮೇಲೆ ಗೀರು ಬೀಳೋದೇ ನಿಂತಿತು. ಆದರೆ ಆಡಿಟ್ ದಿನ ಅದನ್ನು ಕಿತ್ತು ಡಬ್ಬಿಯ ಹಿಂದೆ ಅಡಗಿಸಿಡುತ್ತಾನೆ.

ಪಿಂಪ್ರಿ ಕಾಕಾ:
ತಮ್ಮಾ, ಅವನು ಅಡಗಿಸೋದು ಯಾಕೆ ಅಂತ ನೋಡು. ಸಿಕ್ಕಿಬಿದ್ದರೆ ಬೈಗುಳ ಯಾರಿಗೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಟಾಟಾ ಸಮೂಹದಲ್ಲಿ ‘ಇನ್ನೋವಿಸ್ಟಾ’ ಅಂತ ಸ್ಪರ್ಧೆ ಇದೆ. ಅದರಲ್ಲಿ ‘ಡೇರ್ ಟು ಟ್ರೈ’ ಅನ್ನೋ ವಿಭಾಗ ಧೈರ್ಯ ಮಾಡಿ ಸೋತವರಿಗೇ ಮೀಸಲು. ಹಾಗಂತ ಬಹುಮಾನ ಒಂದನ್ನೇ ನಕಲು ಮಾಡಿದರೆ ಇನ್ನೊಂದು ಪೋಸ್ಟರ್ ಆಗುತ್ತೆ, ಅಷ್ಟೇ. ಇನ್‌ಕ್ರಿಮೆಂಟ್ ಹೊತ್ತಿಗೆ ಮ್ಯಾನೇಜರ್ ಆ ಸೋಲನ್ನೇ ಎತ್ತಿ ಆಡಿದರೆ ಮುಗೀತು ಕಥೆ.

ಹಿಂಜವಡಿ ಹುಡುಗಿ:
ಐಡಿಯಾ ಬಂದರೂ ಸಾಲದು. ಕೊಡಾಕ್‌ನ ಎಂಜಿನಿಯರ್ ಸ್ಟೀವ್ ಸ್ಯಾಸನ್ 1975ರಲ್ಲೇ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ದರು. ಆದರೆ ಕಂಪನಿಗೆ ದುಡ್ಡು ಬರ್ತಿದ್ದದ್ದು ಕ್ಯಾಮೆರಾಗೆ ಹಾಕೋ ಫಿಲ್ಮ್ ರೀಲ್‌ನಿಂದ, ಹಾಗಾಗಿ ಆ ಐಡಿಯಾ ಮುಂದೆ ತರಲು ಹಿಂಜರಿದರು. 2012ರಲ್ಲಿ ದಿವಾಳಿ ಅರ್ಜಿ ಹಾಕಿದರು.

ಕ್ವಾಲಿಟಿ ರಾಯರು:
ನಿಮ್ಮ ಕೆಲಸಕ್ಕೆ ಹತ್ತಿರದ್ದು ಟೊಯೋಟಾ. ಅಲ್ಲಿ ಲೈನ್‌ನಲ್ಲಿ ಏನಾದರೂ ತಪ್ಪು ಕಂಡರೆ ಕೆಲಸಗಾರನೇ ಆಂಡನ್ ಅನ್ನೋ ಎಚ್ಚರಿಕೆ ಹಗ್ಗ ಎಳೀತಾನೆ. ದೀಪ ಹತ್ತುತ್ತೆ, ಟೀಮ್ ಲೀಡರ್ ಬರ್ತಾನೆ. ಗಾಡಿ ಆ ಸ್ಟೇಷನ್ ದಾಟೋದರೊಳಗೆ ಸರಿಯಾಗದಿದ್ದರೆ ಲೈನೇ ನಿಲ್ಲುತ್ತೆ. ಹಗ್ಗ ಯಾರು ಬೇಕಾದರೂ ಕಟ್ಟಬಹುದು ಬಿಡಿ. ಓಡಿ ಬಂದವನು ‘ಯಾರು ಎಳೆದಿದ್ದು?’ ಅಂತ ಕೂಗ್ತಾನಾ, ‘ಏನಾಯ್ತು?’ ಅಂತ ಕೇಳ್ತಾನಾ, ಅದು ಮುಖ್ಯ.
ನೀವೀಗ ಪೆಟ್ಟಿಗೆ ವಿಷಯ ಬಿಡಿ. ಆ ರಬ್ಬರ್ ತುಂಡನ್ನು ಫಿಕ್ಸ್ಚರ್‌ನ ಡ್ರಾಯಿಂಗ್‌ಗೆ ಸೇರಿಸಲು ಚೇಂಜ್ ನೋಟ್, ಅಂದರೆ ಬದಲಾವಣೆಯ ಅರ್ಜಿ, ಹಾಕಿ. ಅದರಲ್ಲಿ ಹುಡುಗನ ಹೆಸರಿರಲಿ, ನಿಮ್ಮದಲ್ಲ.

ಚಾಕಣದ ಗದಗಿನವ:
ಹೆಸರು ಬೇಡವೇ ಬೇಡ ಅಂತಿದ್ದಾನೆ ರಾಯರೇ, ಗುತ್ತಿಗೆ ಕೆಲಸದವನು. ಮೊದಲು ಪ್ಲಾಂಟ್ ಹೆಡ್ ಹತ್ತಿರ ನಾನೊಬ್ಬನೇ ಹೋಗಿ ಮಾತಾಡ್ತೀನಿ.