ಎಸ್‌ಎನ್1 ಯಾವಾಗ, ಎಸ್‌ಎನ್2 ಯಾವಾಗ? ಮೇಡಂಗ ಕೇಳ್ರಿ (ಕಲಬುರಗಿ ಕೆಮಿಸ್ಟ್ರಿ ಗ್ರೂಪ್)

ಸೇಡಂ ಬಿಎಸ್ಸಿ: ನಮಸ್ಕಾರ ಮೇಡಂ. ಎಸ್‌ಎನ್1, ಎಸ್‌ಎನ್2 ನಡುವ ಫರಕ್ ಏನದ ರೀ?

ಮೇಡಂ: ನಮಸ್ಕಾರ. ಇವೆರಡೂ ಕಾರ್ಬನ್‌ಗೆ ಅಂಟಿದ ಹ್ಯಾಲೊಜನ್ (ಕ್ಲೋರಿನ್, ಬ್ರೋಮಿನ್ ಇಂಥಾವು) ಹೋಗಿ ಅದರ ಜಾಗಕ್ಕ ಬ್ಯಾರೆ ಗುಂಪು ಬರೋ ಕ್ರಿಯೆ. ಎಸ್‌ಎನ್2 ಒಂದೇ ಹಂತ. ನ್ಯೂಕ್ಲಿಯೊಫೈಲ್ (ಎಲೆಕ್ಟ್ರಾನ್ ಜೋಡಿ ಕೊಟ್ಟು ಕಾರ್ಬನ್‌ಗೆ ಅಂಟೋ ಕಣ) ಹಿಂದಿನಿಂದ ಬರ್ತದ, ಅದೇ ಹೊತ್ತಿಗೆ ಹ್ಯಾಲೊಜನ್ ಬಿಡ್ತದ. ವೇಗ ಹ್ಯಾಲೈಡ್, ನ್ಯೂಕ್ಲಿಯೊಫೈಲ್ ಎರಡರ ಸಾಂದ್ರತೆ ಮ್ಯಾಲೂ ನಿಂತದ. ಎಸ್‌ಎನ್1ದಾಗ ಹ್ಯಾಲೊಜನ್ ಮೊದಲ ಹೋಗಿ ಕಾರ್ಬೊಕ್ಯಾಟಯಾನ್ (ಧನಾವೇಶದ ಕಾರ್ಬನ್ ಇರೋ ಅಯಾನ್) ಆಗ್ತದ. ಅದೇ ನಿಧಾನದ ಹಂತ, ನ್ಯೂಕ್ಲಿಯೊಫೈಲ್ ಎಷ್ಟು ಸುರುವಿದ್ರೂ ವೇಗ ಹೆಚ್ಚಾಗಲ್ಲ.

ಜೇವರ್ಗಿ: ಫಾರ್ವರ್ಡ್: “ಪ್ರೈಮರಿ ಬಂದ್ರೆ ಎಸ್‌ಎನ್2, ಟರ್ಷರಿ ಬಂದ್ರೆ ಎಸ್‌ಎನ್1. ಫುಲ್ ಮಾರ್ಕ್ಸ್ ಗ್ಯಾರಂಟಿ!”

ಮೇಡಂ: ಇಂಥಾವು ಹಾಕಬ್ಯಾಡ್ರಿ. ಹ್ಯಾಲೊಜನ್ ಹಿಡದ ಕಾರ್ಬನ್‌ಗೆ ಒಂದೇ ಕಾರ್ಬನ್ ಅಂಟಿದ್ರ ಪ್ರೈಮರಿ, ಮೂರು ಅಂಟಿದ್ರ ಟರ್ಷರಿ. ನಿಯೊಪೆಂಟೈಲ್ ಬ್ರೋಮೈಡ್ ಪ್ರೈಮರಿನೇ, ಎಸ್‌ಎನ್2 ಅದರಾಗ ತೆವಳತದ. ಬೆಂಜೈಲ್ ಬ್ರೋಮೈಡ್ ಪ್ರೈಮರಿನೇ, ಎರಡೂ ದಾರಿ ಹಿಡೀತದ.

ಎಂಎಸ್ಸಿ ವಿದ್ಯಾರ್ಥಿನಿ: ಮೇಡಂ, ಅದೇ ಬೆಂಜೈಲ್ ಬ್ರೋಮೈಡ್ ಬಾಟ್ಲಿ ನಿನ್ನೆ ತಗದೆ. ಫ್ಯೂಮ್ ಹುಡ್ (ಲ್ಯಾಬಿನ ಹೊಗಿ ಹೊರಗ ಎಳಿಯೋ ಪೆಟ್ಟಿಗಿ) ಬಂದ್ ಇತ್ತು. ಕಣ್ಣಾಗ ಈಗೂ ಉರಿ ಅದ.

ಮೇಡಂ: ತಂಗಿ, ಇವತ್ತೇ ಕಣ್ಣಿನ ಡಾಕ್ಟರಿಗೆ ತೋರಸು. ರಾಸಾಯನಿಕದ ಹೆಸರು ಚೀಟಿಯೊಳಗ ಬರಕೊಂಡು ಹೋಗು. ತಾಕಿದ ಕೂಡಲೇ ರೆಪ್ಪಿ ಅಗಲಿಸಿ ಹರಿಯೋ ನೀರಾಗ ಕನಿಷ್ಠ 15 ನಿಮಿಷ ತೊಳೀಬೇಕಿತ್ತು. ಇದು ಕಣ್ಣೀರು ತರಿಸೋ ವಸ್ತು, ಮತ್ತ ಅದರ ಕಾರಣ ನಮ್ಮ ಪಾಠದಾಗೇ ಅದ. ಬೆಂಜೈಲ್ ಕಾರ್ಬನ್ ಮ್ಯಾಲ ಎಸ್‌ಎನ್2 ಭಾಳ ಬಿರುಸು, ಪರಿವರ್ತನ ಸ್ಥಿತಿಗೆ (ಕ್ರಿಯೆ ನಡುವಿನ ಅತಿ ಹೆಚ್ಚು ಶಕ್ತಿಯ ಘಟ್ಟ) ಪಕ್ಕದ ಬೆಂಜೀನ್ ಉಂಗುರ ಆಸರಿ ಕೊಡ್ತದ. ಕ್ಯಾಟಯಾನ್ ಆದ್ರೂ ಅದೇ ಉಂಗುರ ಧನಾವೇಶ ಹಂಚಿಕೊಳ್ತದ. ಅಸಿಟೋನ್‌ದಾಗ ಸೋಡಿಯಂ ಅಯೊಡೈಡ್ ಕೊಟ್ರ ಎಸ್‌ಎನ್2. ನೀರು ಹೆಚ್ಚಿರೋ ದ್ರಾವಕ, ದುರ್ಬಲ ನ್ಯೂಕ್ಲಿಯೊಫೈಲ್ ಇದ್ರ ಎಸ್‌ಎನ್1 ಕಡೆ ವಾಲ್ತದ. ಕಣ್ಣಿನ ನರತುದಿಯ ಪ್ರೋಟೀನ್‌ದಾಗಿನ ಸಿಸ್ಟೀನ್ ಅನ್ನೋ ಅಮೈನೊ ಆಮ್ಲದ ಗಂಧಕ ಒಳ್ಳೆ ನ್ಯೂಕ್ಲಿಯೊಫೈಲ್. ಫ್ಲಾಸ್ಕಿನಾಗ ಆಗೋದೇ ಅಲ್ಲೂ ಆಗ್ತದ. ಹುಡ್ ನಡೀದೇ ಇದ್ರ ಆ ಬಾಟ್ಲಿ ಮುಟ್ಟಲ್ಲ ಅಂತ ಗೈಡ್‌ಗೆ ನೇರ ಹೇಳು.

ಚಿತ್ತಾಪುರ: ಅಡುಗಿ ಸೋಡಾ ನೀರಿಂದ ತೊಳದ್ರ ಆಸಿಡ್ ಸಾಯ್ತದಂತ, ವಾಟ್ಸಾಪ್‌ದಾಗ ಬಂದದ.

ಮೇಡಂ: ಬ್ಯಾಡ! ಬರೇ ಸ್ವಚ್ಛ ನೀರು. ಸೋಡಾ, ಹಾಲು, ಜೇನುತುಪ್ಪ ಯಾವುದೂ ಕಣ್ಣಿಗೆ ಹಾಕಬ್ಯಾಡ್ರಿ. ಕಣ್ಣು ಹೋದ್ರ ಫಾರ್ವರ್ಡ್ ಮಾಡಿದವ ತಂದು ಕೊಡ್ತಾನೇನು?

ಅಫಜಲಪುರ: ಕ್ಲೋರೊಬೆಂಜೀನ್ ಯಾಕ ಎರಡೂ ಮಾಡಲ್ಲ ಮೇಡಂ?

ಶಹಾಪುರ: ಎರಡಕ್ಕೂ ಫರಕ್ ಹೇಳ್ರಿ ಮೇಡಂ.

ಮೇಡಂ: ಮ್ಯಾಲ ಓದ್ರಿ.

ಆಳಂದ: ಎಸ್‌ಎನ್1 ಅಂದ್ರ ಪೂರ್ತಿ ರೇಸಿಮಿಕ್, ಎರಡೂ ಕನ್ನಡಿ ರೂಪ ಅರ್ಧಕ್ಕರ್ಧ.

ಬೀದರ್: ಪೂರ್ತಿ ಆಗಲ್ಲ. ಬಿಟ್ಟು ಹೋಗೋ ಅಯಾನ್ ಸ್ವಲ್ಪ ಹೊತ್ತು ತಾ ಬಿಟ್ಟ ಬದಿಗೇ ಅಡ್ಡ ಇರ್ತದ, ಹಿಂಗಾಗಿ ತಿರುಗಿದ ರೂಪ ಒಂದೀಟು ಹೆಚ್ಚು.

ಆಳಂದ: ನಮ್ಮ ಟ್ಯೂಷನ್ ಸರ್ ಹಂಗ ಹೇಳಿಲ್ಲ.

ಬೀದರ್: ಹಂಗಾರ ರೊಕ್ಕ ವಾಪಸ್ ಕೇಳ್ರಿ.

ಆಳಂದ: ಸರ್ ಬಗ್ಗೆ ಬಾಯಿ ಬಿಗಿಹಿಡಿದು ಮಾತಾಡ್ರಿ!

ಮೇಡಂ: ಬೀದರಿನವರು ಹೇಳಿದ್ದೇ ಸರಿ. ಜಗಳ ಹೊರಗ ಇಟ್ಕೊಳ್ರಿ.

ಯಾದಗಿರಿ: ಮೇಡಂ, ಫರಕ್...

ಮೇಡಂ: ಸಾಕು. ಎಂಎಸ್ಸಿ ತಂಗಿ, ದವಾಖಾನಿಗಿ ಹೋದಿಯೋ ಇಲ್ಲೋ? ಮೊದಲ ನೀ ಉತ್ತರ ಕೊಡು.